ನೊಣ ಕಟ್ಟುವ ಕೈ

ಕೆಲಸವಿಲ್ಲದೆ ಕೂತವರನ್ನು ಕಂಡರೆ ನಮ್ಮ ಓಣಿಯಲ್ಲಿ ‘ನೊಣಾ ಹೊಡಕೋಂತ ಕುಂತಾನ’ ಎನ್ನುತ್ತಾರೆ. ನಾನು ನೊಣ ಹೊಡೆಯುವುದಿಲ್ಲ, ನೊಣ ಕಟ್ಟುತ್ತೇನೆ. ಸಣ್ಣ ಕೊಕ್ಕೆಯೊಂದಕ್ಕೆ ರೇಷ್ಮೆ ದಾರ, ಹುಂಜದ ಗರಿ, ಕುರಿಯ ಉಣ್ಣೆ ಸುತ್ತಿ, ನೀರಿನ ಮೇಲೆ ಬಿದ್ದ ಹುಳದಂತೆ ಕಾಣುವ ಹಾಗೆ ಮಾಡುತ್ತೇನೆ. ಅದನ್ನು ಉದ್ದನೆಯ ಕೋಲಿನಿಂದ ಹೊಳೆಗೆ ಬೀಸಿ ಮೀನು ಹಿಡಿಯುತ್ತೇನೆ. ಹಿಡಿದ ಮೀನನ್ನು ಅಲ್ಲೇ ನೀರಿಗೆ ಬಿಟ್ಟು ಬರಿಗೈಯಲ್ಲಿ ಮನೆಗೆ ಬರುತ್ತೇನೆ. ಇದಕ್ಕೆ ಫ್ಲೈ ಫಿಶಿಂಗ್ ಎಂದು ಹೆಸರು. ಬೆಟಗೇರಿಯ ನೇಕಾರರ ಓಣಿಯಲ್ಲಿ ಇದಕ್ಕಿರುವ ಹೆಸರು ಹುಚ್ಚು.

ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆ. ನಾನೂ ಇವತ್ತಿನವರೆಗೆ ಮೀನು ತಿಂದವಳಲ್ಲ, ತಿನ್ನುವ ಆಸೆಯೂ ಇಲ್ಲ. ತಿನ್ನದವಳು ಹಿಡಿಯುವುದೇಕೆ ಎಂದು ಎಲ್ಲರೂ ಕೇಳುತ್ತಾರೆ. ಹಾಡುವವರನ್ನು ಯಾರೂ ‘ಹಾಡು ತಿಂತೀರೇನು’ ಎಂದು ಕೇಳುವುದಿಲ್ಲ. ಐವತ್ತು ದಾಟಿದ ಹೆಂಗಸು ಭಾನುವಾರ ಬೆಳಿಗ್ಗೆ ಗುಡಿಗೆ ಹೋದರೆ ಯಾರೂ ಕಾರಣ ಕೇಳುವುದಿಲ್ಲ, ಹೊಳೆಗೆ ಹೋದರೆ ಮಾತ್ರ ಓಣಿಗೆ ಓಣಿಯೇ ಬಾಗಿಲಿಗೆ ಬಂದು ನಿಲ್ಲುತ್ತದೆ. ನಿಲ್ಲಲಿ. ನನ್ನ ಕೋಲು ಒಂಬತ್ತು ಅಡಿ ಉದ್ದ. ಅದಕ್ಕೂ ಜಾಗ ಬಿಟ್ಟು ನಿಂತರೆ ಸಾಕು.

ಇದು ಶುರುವಾದದ್ದು ಮೀನಿನಿಂದಲ್ಲ, ದಾರದಿಂದ. ಗದಗಿನ ಔಷಧಿ ಅಂಗಡಿಯೊಂದರಲ್ಲಿ ನನಗೆ ಕೆಲಸ. ಮದುವೆಯಾದ ವರ್ಷ ತುಂಬುವುದರೊಳಗೆ ತವರಿಗೆ ತಿರುಗಿ ಬಂದವಳು ನಾನು. ಮನೆಯ ಮೇಲಿನ ಕೋಣೆಯಲ್ಲಿ ನಾನು, ಕೆಳಗೆ ಅಣ್ಣ, ವೈನಿ, ಅವರ ಮಗಳು. ಒಂದು ಮಧ್ಯಾಹ್ನ ಅಂಗಡಿಗೆ ಗಿರಾಕಿಗಳಿಲ್ಲದೆ ಮೊಬೈಲಿನಲ್ಲಿ ಏನೋ ನೋಡುತ್ತಿದ್ದಾಗ ಯಾರದೋ ಎರಡು ಕೈಗಳು ಕಾಣಿಸಿದವು. ಮುಖವಿಲ್ಲ, ಮಾತಿಲ್ಲ. ಆ ಕೈಗಳು ಪುಟ್ಟ ಉರುಳೆಯೊಂದರಿಂದ ದಾರ ಬಿಚ್ಚುತ್ತ, ಬಿಗಿ ಸಡಿಲಿಸದೆ, ಎಳೆಯ ಪಕ್ಕಕ್ಕೆ ಎಳೆ ಕೂರುವಂತೆ ಒಂದು ಕೊಕ್ಕೆಗೆ ಸುತ್ತುತ್ತಿದ್ದವು. ನನ್ನ ಬೆರಳುಗಳು ತಾವಾಗಿಯೇ ಅಲುಗಿದವು. ಲಾಳಿಯೊಳಗೆ ಇಡುವ ಕಂಡಿಕೆಗೆ ನಾನು ಫ್ರಾಕು ತೊಡುವ ವಯಸ್ಸಿನಿಂದ ನೂಲು ಸುತ್ತಿದ್ದೇನೆ. ಆ ಬಿಗಿ ನನಗೆ ಗೊತ್ತು. ಪರದೇಶದವರು ಯಾರೋ ನಮ್ಮ ಮನೆಯ ಕೆಲಸವನ್ನು ಸಣ್ಣದು ಮಾಡಿ, ತುದಿಗೆ ಗರಿ ಸಿಕ್ಕಿಸಿದ್ದಾರೆ ಅಷ್ಟೆ ಅನ್ನಿಸಿತು.

ನಾನು ಹೊಳೆಯ ಮುಖ ನೋಡುವ ಮೊದಲೇ ಡಬ್ಬಿ ತುಂಬ ನೊಣ ಕಟ್ಟಿಟ್ಟಿದ್ದೆ. ಕೊಕ್ಕೆಯನ್ನು ಕಚ್ಚಿ ಹಿಡಿಯಲು ಅಕ್ಕಸಾಲಿಗರ ಬಳಿ ಇರುವಂಥ ಪುಟ್ಟ ವೈಸು ತಂದೆ. ಸೀರೆಯ ಸೆರಗು ನೇಯ್ದು ಉಳಿದ ರೇಷ್ಮೆಯ ತುಂಡುಗಳು ಮನೆಯಲ್ಲಿ ಬೇಕಾದಷ್ಟಿದ್ದವು. ನೊಣದ ಮೈಗೆ ಕರಿ ಉಣ್ಣೆ ಬೇಕಾಗಿತ್ತು. ಲಕ್ಷ್ಮೇಶ್ವರದ ಸಂತೆಗೆ ಹೋಗಿ ಕುರಿಗಾರರನ್ನು ಕೇಳಿದೆ. ‘ಎಷ್ಟ ಬೇಕ್ರಿ?’ ಎಂದರು. ‘ಒಂದು ಹಿಡಿ’ ಎಂದೆ. ಕಂಬಳಿಗಾಗಿ ಮೂಟೆಗಟ್ಟಲೆ ಒಯ್ಯುವವರನ್ನು ಕಂಡಿದ್ದ ಆ ಮನುಷ್ಯ ಒಂದು ಹಿಡಿ ಉಣ್ಣೆಯನ್ನು ನನ್ನ ಚೀಲಕ್ಕೆ ತುರುಕಿ, ‘ಗೊಂಬಿಗೆ ಅಂಗಿ ಹೊಲೀತೀರೇನ್ರಿ?’ ಎಂದು ನಕ್ಕ. ಹುಂಜದ ಗರಿಯದೇ ಕಷ್ಟವಾಯಿತು. ಕೋಳಿ ಅಂಗಡಿಯ ಮುಂದೆ ನಾನು ನಿಂತಿದ್ದನ್ನು ಯಾರೋ ನೋಡಿ, ನಾನು ಮನೆ ಮುಟ್ಟುವುದರೊಳಗೆ ಆ ಖಬರ ವೈನಿಗೆ ಮುಟ್ಟಿಸಿದ್ದರು. ಗರಿಯನ್ನು ತೊಳೆದು ಮಾಳಿಗೆಯ ಮೇಲೆ ಒಣಗಿಸಿದೆ. ಅಡುಗೆಮನೆಗೆ ತರಬೇಡ ಎಂದು ವೈನಿ ಹೇಳಿದಳು, ನಾನು ತರಲಿಲ್ಲ. ಅಷ್ಟರಮಟ್ಟಿಗೆ ನಮ್ಮಲ್ಲಿ ಒಪ್ಪಂದವಿತ್ತು.

ಕೋಲು ಬಂದದ್ದು ಪಾರ್ಸಲಿನಲ್ಲಿ, ನಾಲ್ಕು ತುಂಡಾಗಿ. ಒಂದಕ್ಕೊಂದು ಸಿಕ್ಕಿಸಿದರೆ ಕೂದಲಿನಷ್ಟು ಹಗುರ, ಬಾಗಿಸಿದರೆ ಬಾಗುತ್ತ ಹೋಗುವ ಕೋಲು. ಅದರ ಬುಡಕ್ಕೆ ದಾರ ಸುತ್ತುವ ಉರುಳೆ. ಅಣ್ಣ ಅದನ್ನು ನೋಡಿ ‘ರಾಟಿ ತಂದಿ ಏನು?’ ಎಂದಿದ್ದ. ಈ ವಿದ್ಯೆಯ ಗುಟ್ಟು ಇರುವುದು ದಾರದಲ್ಲಿ. ನಮ್ಮ ಕಡೆ ಗಾಳ ಹಾಕುವವರು ತುದಿಗೆ ಸೀಸದ ಗುಂಡು ಕಟ್ಟುತ್ತಾರೆ. ಭಾರದ ಗುಂಡು ಮುಂದೆ ಹಾರುತ್ತದೆ, ದಾರ ಅದರ ಬೆನ್ನು ಹತ್ತಿ ಹೋಗುತ್ತದೆ. ನೊಣಕ್ಕೆ ಭಾರವೇ ಇಲ್ಲ. ಇಲ್ಲಿ ದಪ್ಪ ದಾರವೇ ಭಾರ. ಕೋಲನ್ನು ಹಿಂದಕ್ಕೆ ಬೀಸಿದರೆ ದಾರ ಬೆನ್ನ ಹಿಂದೆ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಪೂರಾ ಬಿಚ್ಚಿಕೊಳ್ಳುವವರೆಗೆ ಕಾಯಬೇಕು. ಆಮೇಲೆ ಮುಂದಕ್ಕೆ ಬೀಸಬೇಕು.

ಆ ಕಾಯುವುದೇ ನನ್ನ ಕೈಗೆ ಬರಲಿಲ್ಲ. ನಾಗಾವಿಯ ಕಡೆ ಹೋಗುವ ರಸ್ತೆಯ ಪಕ್ಕದ ಬೀಳು ಹೊಲದಲ್ಲಿ ಕೊಕ್ಕೆಯಿಲ್ಲದ ನೊಣ ಕಟ್ಟಿಕೊಂಡು ಬೆಳಿಗ್ಗೆ ಬೆಳಿಗ್ಗೆ ಬೀಸುತ್ತಿದ್ದೆ. ಪ್ರತಿ ಸಲವೂ ಬೆನ್ನ ಹಿಂದೆ ಚಾಟಿ ಹೊಡೆದಂತೆ ಫಟ್ ಎನ್ನುತ್ತಿತ್ತು, ನೊಣ ಹರಿದು ಎಲ್ಲೋ ಹೋಗುತ್ತಿತ್ತು. ಹುಡುಕಿದರೆ ಸಿಗುತ್ತಿರಲಿಲ್ಲ. ಕೋಲಿನದೇ ತಪ್ಪು ಎಂದುಕೊಂಡೆ, ದಾರದ್ದು ಎಂದುಕೊಂಡೆ, ಕಂಪನಿಯವರಿಗೆ ಮನಸ್ಸಿನಲ್ಲೇ ಬೈದೆ. ಒಂದು ದಿನ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಕೆಳಗೆ ಅಣ್ಣ ನೇಯುವ ಸದ್ದು ಕೇಳುತ್ತಿತ್ತು. ಹಗ್ಗ ಎಳೆದರೆ ಲಾಳಿ ಆ ಕಡೆ, ಮುಟ್ಟಿದ ಕೂಡಲೆ ಎಳೆದರೆ ಈ ಕಡೆ. ಮಗ್ಗದ ಮೇಲೆ ಕಾಯುವ ಮಾತೇ ಇಲ್ಲ, ಕಾದರೆ ಬಟ್ಟೆ ಕೆಡುತ್ತದೆ. ನನ್ನ ಕೈ ಹೊಲದಲ್ಲಿ ನಿಂತು ಲಾಳಿ ಎಸೆಯುತ್ತಿತ್ತು! ನೇಕಾರರಲ್ಲದವರು ಈ ತಪ್ಪು ಮಾಡಲಾರರು. ಗೊತ್ತಾದ ಮೇಲೂ ಅದನ್ನು ಬಿಡಿಸಲು ಬಹಳ ದಿನ ಹಿಡಿಯಿತು. ಹಿಂದಕ್ಕೆ ಬೀಸಿ, ಬಾಯಲ್ಲಿ ‘ತಡಿ’ ಎಂದು ನನಗೆ ನಾನೇ ಹೇಳಿಕೊಂಡು, ಆಮೇಲೆ ಮುಂದಕ್ಕೆ ಬೀಸುತ್ತಿದ್ದೆ. ದಾರಿಹೋಕರು ದನ ಕಾಯುತ್ತಿದ್ದಾಳೆ ಎಂದುಕೊಂಡಿರಬೇಕು.

ಆದರೆ ಒಂದು ವಿಷಯದಲ್ಲಿ ಮಗ್ಗ ನನ್ನ ಕೈ ಬಿಡಲಿಲ್ಲ. ದಪ್ಪ ದಾರದ ತುದಿಗೆ ಕಣ್ಣಿಗೆ ಕಾಣದಂಥ ಸಣ್ಣ ಎಳೆಯನ್ನು ಜೋಡಿಸಬೇಕು. ಎರಡರ ತುದಿಯಲ್ಲೂ ಕುಣಿಕೆ ಮಾಡಿ, ಒಂದರೊಳಗೊಂದು ಹಾಯಿಸಿ ಬಿಗಿಯಬೇಕು. ತಪ್ಪಾಗಿ ಬಿಗಿದರೆ ಒಂದು ಕುಣಿಕೆ ಇನ್ನೊಂದರ ಕೊರಳು ಹಿಸುಕುತ್ತದೆ. ಸರಿಯಾಗಿ ಬಿಗಿದರೆ ಎರಡೂ ಕೈ ಕೈ ಹಿಡಿದ ಹಾಗೆ ಕೂರುತ್ತವೆ. ಮೊಬೈಲಿನವರು ಇದನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ನನಗೆ ನಗು ಬಂತು. ಇದು ನಮ್ಮ ಕೊಂಡಿ.

ಕೊಂಡಿಯ ಬಗ್ಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಮನೆಯ ಸೀರೆಯ ಒಡಲು ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಎರಡಕ್ಕೂ ಉದ್ದೆಳೆಗಳು ಬೇರೆ ಬೇರೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಗೆ ಕುಣಿಕೆ ಹಾಕಿ ಸಿಕ್ಕಿಸಬೇಕು. ಅದೇ ಕೊಂಡಿ. ಒಂದು ಸಡಿಲವಾದರೆ ಸೆರಗು ಅಲ್ಲಿಂದಲೇ ಬಿಡುತ್ತದೆ. ಹೆಂಗಸರ ಕೆಲಸ ಇದು, ತಾಳ್ಮೆಯ ಕೆಲಸ, ಈಗ ಗೊತ್ತಿರುವವರು ಕಡಿಮೆ. ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು: ಮನೆಯ ಹುಡುಗಿಯ ಮದುವೆಯ ಸೀರೆಗೆ ಕೊಂಡಿ ಹಾಕುವುದು ಅವಳ ಸೋದರತ್ತೆ. ನನ್ನ ಮದುವೆಯ ಸೀರೆಗೆ ನನ್ನ ಅತ್ತೆ ಹಾಕಿದ್ದಳು. ಆ ಮದುವೆ ಹರಿಯಿತು, ಕೊಂಡಿ ಇನ್ನೂ ಗಟ್ಟಿ ಇದೆ. ಅಣ್ಣನ ಮಗಳು ಹುಟ್ಟಿದ ದಿನವೇ ನನ್ನ ಅವ್ವ, ‘ಇಕಿ ಸೀರಿ ಕೊಂಡಿ ನಿಂದ ನೋಡು’ ಎಂದು ನನಗೆ ಹೇಳಿದ್ದಳು. ಅವ್ವ ಈಗಿಲ್ಲ. ಮಕ್ಕಳಿಲ್ಲದೆ, ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿರುವ ನನಗೆ, ಆ ಮನೆಯಲ್ಲಿ ಬೇರೆ ಯಾರೂ ಮಾಡಲಾಗದ, ನನ್ನದೇ ಎನ್ನಬಹುದಾದ ಕೆಲಸ ಅದೊಂದೇ ಇತ್ತು.

ಹೊಳೆಯ ಮಾತಿಗೆ ಬರುತ್ತೇನೆ. ಭಾನುವಾರ ಗದಗಿನಿಂದ ಮುಂಡರಗಿಗೆ ಬಸ್ಸು, ಅಲ್ಲಿಂದ ಹಮ್ಮಿಗಿಗೆ ಟಂಟಂ. ಕೋಲು ತುಂಡಾಗಿ ಚೀಲದಲ್ಲಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ; ಛತ್ರಿ ಎಂದುಕೊಳ್ಳುತ್ತಾರೆ. ಬ್ಯಾರೇಜಿನಿಂದ ದೂರ, ಬಂಡೆಗಳ ನಡುವೆ ತುಂಗಭದ್ರೆ ಸಣ್ಣಗೆ ಹರಿಯುವ ಕಡೆ, ಸೀರೆ ಎತ್ತಿಕಟ್ಟಿ ಮೊಣಕಾಲ ನೀರಿನಲ್ಲಿ ನಿಲ್ಲುತ್ತೇನೆ. ಒಂದು ಮೀನನ್ನೂ ಒಯ್ಯುವುದಿಲ್ಲ ಎಂದು ಅಲ್ಲಿ ಬಲೆ ಹಾಕುವವರಿಗೆ ಮೊದಲೇ ಹೇಳಿ ಒಪ್ಪಿಸಿದ್ದೆ. ಒಪ್ಪಿಸುವುದು ಕಷ್ಟವೇನೂ ಆಗಲಿಲ್ಲ, ಅವರು ನನ್ನ ಕೋಲು ನೋಡಿ ಇದರಲ್ಲಿ ಮೀನು ಸಿಗುವುದೇ ಇಲ್ಲ ಎಂದುಕೊಂಡಿದ್ದರು.

ಸಿಕ್ಕಿತು. ಮೊದಲ ಮಳೆಗೆ ದೀಪದ ಸುತ್ತ ಮುತ್ತುವ ರೆಕ್ಕೆಯ ಗೆದ್ದಲು ಇರುತ್ತದಲ್ಲ, ಅದರಂತೆ ಕಟ್ಟಿದ ನೊಣವನ್ನು ಬಂಡೆಯ ನೆರಳಿಗೆ ಬೀಸಿದ್ದೆ. ನೀರು ಒಮ್ಮೆ ಉಬ್ಬಿತು. ಕೈಯಲ್ಲಿದ್ದ ದಾರ ಬಿಗಿಯಾಯಿತು, ಕೋಲು ಬಾಗಿತು, ಆ ತುದಿಯಲ್ಲಿ ಜೀವವೊಂದು ನನ್ನನ್ನು ಎಳೆಯಿತು. ನನ್ನ ಬಾಯಿಂದ ಎಂಥ ಕೂಗು ಬಂತೆಂದರೆ ಆಚೆ ದಡದಲ್ಲಿ ಎಮ್ಮೆ ತೊಳೆಯುತ್ತಿದ್ದವರು ನಾನು ಜಾರಿ ಬಿದ್ದೆನೆಂದು ಓಡಿ ಬಂದರು. ಅಂಗೈಯಗಲದ ಬೆಳ್ಳಿ ಬಣ್ಣದ ಮೀನು. ಅದನ್ನು ಒಣ ಕೈಯಿಂದ ಮುಟ್ಟಬಾರದು, ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಕೈ ಒದ್ದೆ ಮಾಡಿಕೊಂಡು ಹಿಡಿದೆ, ಕೊಕ್ಕೆ ಬಿಡಿಸಿದೆ, ಹರಿವಿಗೆ ಮುಖ ಮಾಡಿ ಹಿಡಿದುಕೊಂಡೆ. ಅದು ಉಸಿರು ತೆಗೆದುಕೊಂಡು ಕೈಯಿಂದ ತಾನೇ ಹೋಯಿತು. ಅಷ್ಟು ಸಂತೋಷ ನನಗೆ ಯಾವ ಮನುಷ್ಯರಿಂದಲೂ ಆಗಿರಲಿಲ್ಲ.

ಅಲ್ಲೇ ಬಲೆ ಬಿಡಿಸುತ್ತ ಕೂತಿದ್ದ ಹೆಂಗಸೊಬ್ಬಳು ಇದನ್ನು ನೋಡಿದಳು. ಗಂಡ ತಂದ ಮೀನನ್ನು ಮುಂಡರಗಿಗೆ ಒಯ್ದು ಮಾರುವವಳು, ಹೆಚ್ಚುಕಡಿಮೆ ನನ್ನ ವಯಸ್ಸಿನವಳು.

‘ಅಕ್ಕಾರ, ಕೈಯಾಗಿಂದ ಜಾರಿತೇನ್ರಿ?’

‘ಜಾರಲಿಲ್ಲ, ನಾನ ಬಿಟ್ಟೆ.’

‘ಹಿಡದು ಬಿಡೂದಾದ್ರ ಹಿಡಿಯೂದ್ ಯಾಕ್ರಿ? ಪುಣ್ಯಾ ಬರತೈತೇನು?’

ನಾನು ಕೊಕ್ಕೆ ತೋರಿಸಿದೆ. ಒಳಗೆ ಕಚ್ಚಿ ಹರಿಯದಂತೆ ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮುರಿದಿದ್ದೆ. ಅವಳು ಅದನ್ನು ಹೆಬ್ಬೆರಳಿಗೆ ಚುಚ್ಚಿ ನೋಡಿಕೊಂಡಳು.

‘ಚುಚ್ಚೂದು ಚುಚ್ಚೂದ ಐತಲ್ರಿ ಅಕ್ಕಾರ.’

‘ಐತಿ. ಸುಳ್ಳು ಹೇಳಂಗಿಲ್ಲ. ನನ್ನ ಖುಷಿಗೆ ಚುಚ್ಚೇನಿ.’

‘ಹಂಗಂದ್ರ ಛಲೋ ಆತು. ಪುಣ್ಯಕ್ಕ ಬಂದೀನಿ ಅಂದಿದ್ರ ನಿಮ್ಮನ್ನ ಹೊಳಿಗೆ ನೂಕ್ತಿದ್ದೆ’ ಎಂದು ನಕ್ಕಳು. ಅವತ್ತಿನಿಂದ ನನಗೆ ಉಪವಾಸದ ಮೀನಗಾರ್ತಿ ಎಂದು ಹೆಸರಿಟ್ಟಳು. ಆ ಹೆಸರು ನನಗೆ ಇಷ್ಟವಾಯಿತು, ಓಣಿಯವರು ಇಟ್ಟದ್ದಕ್ಕಿಂತ ವಾಸಿ.

ಹೀಗೆ ನಡೆದಿತ್ತು. ಅಣ್ಣನಿಗೆ ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಇದ್ದ. ಅಷ್ಟರಲ್ಲಿ ಅವನ ಮಗಳಿಗೆ ಶಿರಹಟ್ಟಿಯ ಮನೆತನದ ಸಂಬಂಧ ಕೂಡಿಬಂತು. ಒಳ್ಳೆಯವರು, ಮಡಿಯವರು. ಮದುವೆಯ ಸೀರೆಯನ್ನು ನಮ್ಮ ಮಗ್ಗದ ಮೇಲೆಯೇ ನೇಯುವುದೆಂದು ಅಣ್ಣ ಉದ್ದೆಳೆಗಳ ಹಾಸು ಏರಿಸಿದ. ಅದೇ ಹೊತ್ತಿಗೆ ಹಮ್ಮಿಗಿಗೆ ಬಂದಿದ್ದ ಯಾರೋ ಕಾಲೇಜಿನವರು ನಾನು ಮೀನು ಹಿಡಿದು ನಿಂತ ವಿಡಿಯೋ ಮಾಡಿ ಹಾಕಿದರು. ಸೀರೆ ಎತ್ತಿಕಟ್ಟಿದ, ಕನ್ನಡಕದ ಹೆಂಗಸು ಎರಡೂ ಕೈಯಲ್ಲಿ ಮೀನು ಹಿಡಿದು ಮೂವತ್ತೆರಡು ಹಲ್ಲು ತೋರಿಸಿ ನಗುತ್ತಿದ್ದಾಳೆ. ಮೀನು ಬಿಡುವ ಭಾಗ ಅದರಲ್ಲಿ ಇರಲೇ ಇಲ್ಲ. ಅದು ಸುತ್ತಾಡಿ ನಮ್ಮ ನೆಂಟರ ವಾಟ್ಸಾಪ್ ಗುಂಪಿಗೆ ಬಂತು. ಅಲ್ಲಿಂದ ಶಿರಹಟ್ಟಿಗೆ ಎಷ್ಟು ದೂರ?

ಬೀಗರು ಜಗಳವಾಡಲಿಲ್ಲ. ‘ನಿಮ್ಮ ಮನ್ಯಾಗ ಇದೆಲ್ಲಾ ನಡೀತೈತೇನ್ರಿ?’ ಎಂದು ಒಂದೇ ಮಾತು ಕೇಳಿದರಂತೆ. ಅಣ್ಣನಿಗೆ ಅಷ್ಟು ಸಾಕಾಯಿತು. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿರುವಾಗಲೇ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಎದ್ದು ಬಂದ. ವೈನಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

‘ಮೀನ ಹಿಡದ ಕೈಲೆ ಕೊಂಡಿ ಹಾಕೂದು ಬ್ಯಾಡ’ ಎಂದ. ‘ಇನ್ನ ಮ್ಯಾಲೆ ಹೊಳಿಗೆ ಹೋಗಂಗಿಲ್ಲ, ಆಗಿದ್ದು ತಪ್ಪಾತು ಅಂತ ದೇವರ ಮುಂದ ಹೇಳು. ಹೇಳಿ ಕೊಂಡಿ ಹಾಕು. ಇಲ್ಲಾಂದ್ರ ಮಗ್ಗದ ಖೋಲಿಗೆ ಬರಬ್ಯಾಡ.’

ನನಗೆ ಮೈಯೆಲ್ಲ ಉರಿದುಹೋಯಿತು. ‘ಅಣ್ಣಾ, ಸೆರಗಿಗೆ ಯಾವ ನೂಲು ತಂದಿ?’ ಎಂದು ಕೇಳಿದೆ.

‘ರೇಷ್ಮಿ. ಮತ್ತೇನ ತರ್ತಾರ?’

‘ಆ ರೇಷ್ಮಿ ಹುಳಾನ ಜೀವಂತ ಕುದಿಯೋ ನೀರಾಗ ಹಾಕಿ ನೂಲು ತಗೀತಾರ. ನಾ ಹಿಡದ ಮೀನು ಹಮ್ಮಿಗಿ ಹೊಳ್ಯಾಗ ಇವತ್ತೂ ಈಸಾಡಾಕತ್ತೈತಿ. ಈ ಸೆರಗಿನ ಹುಳಾನ ಯಾರು ಬಿಟ್ಟು ಬಂದಾರ ಹೇಳು.’

‘ರೇಷ್ಮಿ ಮಡಿ. ಅದು ಹಿಂದಿನಿಂದ ಬಂದೈತಿ.’

‘ಹಿಂದಿನಿಂದ ಬಂದೈತಿ ಅಂತ ಹುಳಕ್ಕ ಗೊತ್ತೈತೇನು?’

ಅವನು ಮಗ್ಗದ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡ. ವಾದದಲ್ಲಿ ನಾನು ಗೆದ್ದಿದ್ದೆ, ಬಾಗಿಲ ಹೊರಗೆ ನಿಂತಿದ್ದೆ.

ಅಲ್ಲಿಂದ ಮುಂದೆ ಅಣ್ಣನಿಗೂ ನನಗೂ ಮಾತು ನಿಂತಿತು. ವೈನಿ ಹುಲಕೋಟಿಯ ಒಕ್ಕಲುತನದ ಮನೆಯಿಂದ ಬಂದವಳು, ಮಗ್ಗದ ಕೆಲಸ ಅವಳಿಗೆ ಬರುವುದಿಲ್ಲ. ಊಟದ ತಾಟು ತಂದಿಟ್ಟು, ‘ನಿಮ್ಮಿಬ್ಬರ ಹಟದಾಗ ನನ್ನ ಮಗಳು ನುಗ್ಗಾಗ್ತಾಳ’ ಎಂದು ಹೇಳಿ ಹೋಗುತ್ತಿದ್ದಳು. ಕೆಳಗೆ ಒಡಲು ನೇಯುವ ಸದ್ದು ದಿನವೂ ಕೇಳುತ್ತಿತ್ತು. ಆ ಸದ್ದು ನಿಂತ ದಿನ ಕೊಂಡಿ ಹಾಕಬೇಕು. ನಾನು ಅಂಗಡಿಯಲ್ಲಿ ತಲೆನೋವಿನ ಗುಳಿಗೆ ಕೊಡುತ್ತಲೂ ಅದನ್ನೇ ಲೆಕ್ಕ ಹಾಕುತ್ತಿದ್ದೆ.

ಒಂದು ಸಂಜೆ ಹುಡುಗಿ ಮಾಳಿಗೆಗೆ ಬಂದಳು. ನಾನು ಒಣಗಿದ ದಾರಕ್ಕೆ ಮೇಣ ತಿಕ್ಕುತ್ತಿದ್ದೆ. ಪಕ್ಕದಲ್ಲಿ ಕೂತು ಒಂದು ನೊಣ ಎತ್ತಿಕೊಂಡು ತಿರುಗಿಸಿ ನೋಡಿದಳು.

‘ಅತ್ತೀ, ಒಂದ ಸಲ ಹೂಂ ಅಂದ್ಬಿಡ್ರಿ. ದೇವರ ಮುಂದ ನಾಕ ಮಾತು ಹೇಳ್ರಿ, ಕೊಂಡಿ ಹಾಕ್ರಿ. ನನ್ನ ಮದುವಿ ಆದ ಮ್ಯಾಲೆ ಬೇಕಾದಷ್ಟು ಸಲ ಹೋಗ್ರಿ. ಯಾರ ನೋಡಾಕ ಬರ್ತಾರ?’

ನಾನು ಅದನ್ನು ಯೋಚಿಸಿರಲಿಲ್ಲ ಎಂದಲ್ಲ. ರಾತ್ರಿ ಮಲಗಿದಾಗ, ಬಸ್ಸಿನಲ್ಲಿ ನಿಂತಾಗ, ಹತ್ತಾರು ಸಲ ಯೋಚಿಸಿದ್ದೆ. ನಾಲ್ಕು ಮಾತು, ಅಷ್ಟೇ. ಈ ಊರಿನಲ್ಲಿ ದೇವರ ಮುಂದೆ ಹೇಳಿ ಮರೆತವರ ಸಾಲು ಮಾಡಿದರೆ ಗದಗಿನ ಸ್ಟೇಷನ್ನಿನವರೆಗೆ ಹೋಗುತ್ತದೆ.

‘ಆಗಂಗಿಲ್ಲವಾ’ ಎಂದೆ.

‘ನನಗಿಂತ ಮೀನ ಹೆಚ್ಚಾತೇನ್ರಿ?’ ಎಂದು ಅತ್ತುಬಿಟ್ಟಳು.

‘ಮೀನು ಹೆಚ್ಚಲ್ಲ. ಮೀನು ಬಿಡೂದ ನನ್ನ ಕೆಲಸ, ವಾರಾ ವಾರಾ ಬಿಡ್ತೀನಿ. ಆದ್ರ ನನ್ನ ಕೈ ಮೈಲಿಗಿ ಆಗೇತಿ ಅಂತ ನನ್ನ ಬಾಯಿಲೆ ಹೇಳಿಸ್ತಾನಲ್ಲ, ಅದನ್ನ ಹೇಳಂಗಿಲ್ಲ. ಹಂಗ ಹೇಳಿ ಹಾಕಿದ ಕೊಂಡಿ ನಿನ್ನ ಮೈಮ್ಯಾಲ ಬರೂದು ಬ್ಯಾಡ.’

ಅವಳು ಎದ್ದು ಹೋದಳು. ಎತ್ತಿ ಆಡಿಸಿದ ಹುಡುಗಿ, ನನ್ನ ಕಡೆ ತಿರುಗಿ ನೋಡದೆ ಮೆಟ್ಟಿಲಿಳಿದಳು. ನನಗೂ ಅಳು ಬಂತು. ಸಿಟ್ಟಿಗೆ ಅತ್ತೆ, ದುಃಖಕ್ಕೂ ಅತ್ತೆ, ಆದರೆ ಹೇಳಿದ ಮಾತು ತಪ್ಪೆಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ಮುಂದಿನ ಭಾನುವಾರವೂ ಹೊಳೆಗೆ ಹೋದೆ. ‘ತಡಿ’ ಎನ್ನುವುದನ್ನು ಮರೆತು ಬೀಸಿದೆ, ಒಂದು ಮೀನೂ ಬರಲಿಲ್ಲ. ಬಲೆಯ ಹೆಂಗಸಿಗೆ ಎಲ್ಲ ಹೇಳಿದೆ. ‘ನಾವು ಮಾರಿದ ಮೀನಕ್ಕ ಯಾರೂ ಹಿಂಗ ಜಗಳಾ ಮಾಡಿಲ್ರಿ, ನೀವು ಬಿಟ್ಟ ಮೀನಕ್ಕ ಮನಿ ಒಡ್ಯಾಕತ್ತೈತಲ್ಲ!’ ಎಂದಳು. ನಗಬಾರದೆಂದರೂ ಇಬ್ಬರೂ ನಕ್ಕೆವು.

ಕೆಳಗೆ ಮಗ್ಗ ನಿಂತಿತು. ಒಡಲು ಮುಗಿದಿತ್ತು. ಅಣ್ಣ ಬೇರೆ ಓಣಿಯಿಂದ ಕೊಂಡಿ ಹಾಕಲು ಬಲ್ಲ ಒಬ್ಬ ಹೆಂಗಸನ್ನು ಕರೆತಂದ. ಅವಳು ಮಗ್ಗದ ಮುಂದೆ ಕೂತು ಎಳೆಗಳನ್ನು ನೋಡಿ, ‘ನಿನ್ನ ತಂಗಿ ಮನ್ಯಾಗ ಇರುವಾಗ ನಾ ಯಾಕ ಕೈ ಹಚ್ಚಲಿ? ನಾಳೆ ನಾಕ ಮಂದಿ ನನಗಂತಾರ’ ಎಂದು ಚಹಾ ಕುಡಿದು ಎದ್ದು ಹೋದಳಂತೆ. ಕೊಂಡಿಯೇ ಇಲ್ಲದೆ, ಒಡಲಿನ ಹತ್ತಿ ಎಳೆಗಳ ಮೇಲೆಯೇ ಸೆರಗನ್ನೂ ನೇಯ್ದುಬಿಡೋಣ ಎಂದು ಅಣ್ಣ ವೈನಿಗೆ ಹೇಳಿದ. ಪವರ್‌ಲೂಮಿನವರು ಹಾಗೆಯೇ ಮಾಡುತ್ತಾರೆ. ಹೇಳಿದನೇ ಹೊರತು ಲಾಳಿ ಮುಟ್ಟಲಿಲ್ಲ. ಕುಣಿಯಲ್ಲಿ ಕಾಲಿಳಿಬಿಟ್ಟು ಸುಮ್ಮನೆ ಕೂತಿರುತ್ತಾನೆ ಎಂದು ವೈನಿ ನನಗೆ ಹೇಳಿದಳು. ಅಂಥ ಸೀರೆಯನ್ನು ನಮ್ಮ ಮನೆಯಿಂದ ಕಳಿಸಿದರೆ ಅವನಿಗೆ ಊಟ ಇಳಿಯುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ನಾನು ಕೆಳಗಿಳಿಯಲಿಲ್ಲ. ನನಗೆ ಬೈದವನಿಗೆ ದಾರಿ ತೋರಿಸುವುದು ನನ್ನ ಕೆಲಸವಲ್ಲ.

ಶನಿವಾರ ಸಂಜೆ ಅವನು ನನ್ನ ಕೋಣೆಗೆ ಬಂದ. ನಾನು ಮರುದಿನಕ್ಕೆ ನೊಣ ಕಟ್ಟುತ್ತಿದ್ದೆ. ಕೂತುಕೋ ಎನ್ನಲಿಲ್ಲ, ಅವನೂ ಕೂರಲಿಲ್ಲ. ನಿಂತೇ ನನ್ನ ಬೆರಳುಗಳನ್ನು ನೋಡಿದ. ಕಟ್ಟಿ ಮುಗಿಸಿದ್ದೊಂದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದ.

‘ಗಂಟು ಎಲ್ಲೈತಿ?’

‘ಗಂಟಿಲ್ಲ. ದಾರದ ಒಳಗ ದಾರ ಹೊಕ್ಕೈತಿ.’

ಉಗುರಿನಿಂದ ಎಳೆದು ನೋಡಿದ. ಬಿಡಲಿಲ್ಲ. ಅದನ್ನು ಡಬ್ಬಿಯಲ್ಲಿಟ್ಟು, ಕಿಟಕಿಯ ಕಡೆ ನೋಡುತ್ತ ಹೇಳಿದ: ‘ನಾಳೆ ಮುಂಜಾನೆ ಬಾ. ಒಡಲು ಮುಗದೈತಿ.’

‘ದೇವರ ಮುಂದ ಏನರ ಹೇಳಬೇಕೇನು?’

‘ಏನೂ ಬ್ಯಾಡ.’

ನನಗೆ ಆಗಲೇ ಎದ್ದು ಕೆಳಗೆ ಓಡಬೇಕೆನ್ನಿಸಿತು. ಆದರೂ ಹೇಳಿದೆ: ‘ನಾಳೆ ರವಿವಾರ. ನಾಳೆ ನಾ ಹಮ್ಮಿಗಿಗೆ ಹೋಗ್ತೀನಿ. ಸೋಮವಾರ ಬರ್ತೀನಿ.’

ಅವನ ಮುಖ ಕೆಂಪಾಯಿತು. ‘ಹೊಳಿಯಿಂದ ಬಂದ ಕೈಲೇನ?’

‘ಹೂಂ, ಹೊಳಿಯಿಂದ ಬಂದ ಕೈಲೇನ.’

ದಡದಡ ಮೆಟ್ಟಿಲಿಳಿದು ಹೋದ. ಹೋದ ಮೇಲೆ ನನಗೆ ಹೆದರಿಕೆಯಾಯಿತು. ಸಿಕ್ಕಿದ್ದನ್ನು ಬಾಯಿಬಡುಕತನದಿಂದ ಕಳೆದುಕೊಂಡೆನೇ? ಒಂದು ಭಾನುವಾರ ಬಿಟ್ಟಿದ್ದರೆ ಗಂಟೇನು ಹೋಗುತ್ತಿತ್ತು? ಆದರೆ ಆ ಒಂದು ಭಾನುವಾರ ಬಿಟ್ಟಿದ್ದರೆ, ದೇವರ ಮುಂದೆ ಹೇಳದ ಮಾತನ್ನು ಸುಮ್ಮನಿದ್ದೇ ಹೇಳಿದಂತಾಗುತ್ತಿತ್ತು. ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು, ಓಣಿಯ ಎಲ್ಲ ಬಾಗಿಲುಗಳ ಮುಂದೆ ತಲೆಯೆತ್ತಿ ನಡೆದು ಬಸ್ಸು ಹತ್ತಿದೆ. ಅವತ್ತು ಎರಡು ಮೀನು ಬಂದವು. ಎರಡನ್ನೂ ಬಿಟ್ಟೆ.

ಸೋಮವಾರ ಅಂಗಡಿಗೆ ರಜೆ ಹೇಳಿ ಕೆಳಗಿಳಿದೆ. ಮಗ್ಗದ ಖೋಲಿಯ ಬಾಗಿಲು ತೆರೆದಿತ್ತು. ಕೂರಲು ಮಣೆ ಹಾಕಿತ್ತು. ಕೆಂಪು ರೇಷ್ಮೆಯ ಎಳೆಗಳನ್ನು ಅಣ್ಣ ಆಗಲೇ ಬಿಡಿಸಿ ಇಟ್ಟುಕೊಂಡು ಎದುರಿಗೆ ಕೂತಿದ್ದ. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ವೈನಿ ಬಾಗಿಲಲ್ಲೇ ನಿಂತು, ‘ಬೀಗರು ಯಾರು ಹಾಕಿದ್ರು ಅಂತ ಕೇಳಿದ್ರ ಏನ ಹೇಳೂದು?’ ಎಂದು ಅವನನ್ನು ಕೇಳಿದಳು.

‘ನನ್ನ ತಂಗಿ ಹಾಕ್ಯಾಳ ಅಂತ ಹೇಳೂದು’ ಎಂದ, ತಲೆಯೆತ್ತದೆ. ಆಮೇಲೆ ನನಗೆ, ‘ಕೈ ತೊಳಕೊಂಡಿ?’ ಎಂದ.

‘ದಿನಾ ಊಟಕ್ಕ ತೊಳಕೊಂಡಷ್ಟ ತೊಳಕೊಂಡೀನಿ’ ಎಂದೆ.

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ನಾನೂ ನೋಡಿದೆ. ಮೊದಲ ಕೆಂಪು ಎಳೆಯನ್ನು ಬೇರ್ಪಡಿಸಿ ನನ್ನ ಬೆರಳಿಗೆ ತಂದುಕೊಟ್ಟ. ಬೆರಳಿಗೆ ಬೆರಳು ತಾಗಿತು. ಅವನು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.